ಲೆಕ್ಕದಿಂದ ಬಿಟ್ಟುಹೋದ ಉಸಿರು

ಆ ವರ್ಷವೆಲ್ಲ ನನ್ನ ಗಂಟಲು ಕಟ್ಟಿಕೊಂಡೇ ಇತ್ತು. "ಊದಿ, ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಎಂದು ಕೂಗುವುದೂ ನನ್ನ ಕೆಲಸದ ಒಂದು ಭಾಗವಾಗಿತ್ತು. ಸೇರಿಸಿಕೊಳ್ಳುವಾಗ ಹಾಗೆಂದು ಯಾರೂ ಹೇಳಿರಲಿಲ್ಲ. ನಾನು ಸಂಖ್ಯಾಶಾಸ್ತ್ರ ಓದಿದವಳು. ಬೆಂಗಳೂರಿನ ಸಂಶೋಧನಾ ತಂಡವೊಂದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರ ಶ್ವಾಸಕೋಶದ ಬಗ್ಗೆ ಅಧ್ಯಯನ ಮಾಡುತ್ತಿದೆ, ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ ಹಿಡಿದು ಆಫೀಸು ಮಾಡಿದ್ದಾರೆ, ಅಲ್ಲಿ ಕಂಪ್ಯೂಟರ್ ಮುಂದೆ ಕೂತು ಬಂದ ಮಾಹಿತಿಯನ್ನು ನೋಡಿಕೊಂಡರಾಯಿತು ಎಂದಷ್ಟೇ ಹೇಳಿದ್ದರು. ಸೇರಿದ ಮೇಲೆ ಜನ ಸಾಲದೆ ನನ್ನನ್ನೂ ಫೀಲ್ಡಿಗೆ ಕಳಿಸಿದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ನಮ್ಮದು ಗೌರಿಬಿದನೂರು ಕಡೆಯ ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುತ್ತೇವೆ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೇ ಹೋಗುತ್ತದೆ. ಹುಳು ಸೊಪ್ಪು ಬಿಟ್ಟರೆ ಮನೆಮಂದಿಯೆಲ್ಲ ಊಟ ಬಿಡುತ್ತಾರೆ, ಅಷ್ಟು ಚಿಂತೆ. ಆದರೆ ಗೂಡು ಮಾರಿ ಬಂದ ಮೇಲೆ ಅದನ್ನು ಯಾರು ಕುದಿಸುತ್ತಾರೆ, ಯಾರು ಎಳೆ ಹುಡುಕುತ್ತಾರೆ ಎಂದು ನಮ್ಮಲ್ಲಿ ಯಾರೂ ಕೇಳಿದವರಲ್ಲ. ಕಾಲೇಜು ಓದುವವರೆಗೂ ನಾನು ಶಿಡ್ಲಘಟ್ಟದ ಗಲ್ಲಿಗಳಿಗೆ ಕಾಲಿಟ್ಟವಳೂ ಅಲ್ಲ. ಬಸ್ಸಿನ ಕಿಟಕಿಯಿಂದ ಬರುತ್ತಿದ್ದ ಬೇಯಿಸಿದ ಹುಳುವಿನ ವಾಸನೆಗೆ ಮೂಗು ಮುಚ್ಚಿಕೊಂಡು ಕೂತವಳು.

ಉಸಿರು ಅಳೆಯುವ ಯಂತ್ರ ಅಂಗೈಯಗಲದ್ದು. ಅದಕ್ಕೊಂದು ರಟ್ಟಿನ ಕೊಳವೆ ಸಿಕ್ಕಿಸಬೇಕು. ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ಕೊಳವೆಯೊಳಗೆ ಒಮ್ಮೆಲೇ ಜೋರಾಗಿ ಊದಿ, ಬೀಪ್ ಎನ್ನುವವರೆಗೂ ನಿಲ್ಲಿಸದೆ ಊದುತ್ತಲೇ ಇರಬೇಕು. ಪಕ್ಕದ ಟ್ಯಾಬಿನಲ್ಲಿ ಗೆರೆಯೊಂದು ಗುಡ್ಡದಂತೆ ಏರಿ ಇಳಿಯುತ್ತದೆ. ಊದಿದ ರೀತಿ ಸರಿಯಿದ್ದರೆ ಹಸಿರು ಗುರುತು. ನಡುವೆ ಕೆಮ್ಮಿದರೆ, ಬೇಗ ಬಿಟ್ಟುಬಿಟ್ಟರೆ ಕೆಂಪು ಗುರುತು. ಹಸಿರೆಂದರೆ ಆರೋಗ್ಯವೆಂದಲ್ಲ, ಕೆಂಪೆಂದರೆ ಕಾಯಿಲೆಯೆಂದೂ ಅಲ್ಲ. ಪರೀಕ್ಷೆ ಸರಿಯಾಗಿ ನಡೆಯಿತೋ ಇಲ್ಲವೋ ಎಂಬುದಕ್ಕೆ ಮಾತ್ರ ಆ ಬಣ್ಣ. ತರಬೇತಿಯಲ್ಲಿ ಇದನ್ನು ಒತ್ತಿ ಒತ್ತಿ ಹೇಳಿದ್ದರು. ನಾನು ಯಂತ್ರವನ್ನು ಮನೆಗೊಯ್ದು ಅಮ್ಮನ ಮೇಲೆ ಅಭ್ಯಾಸ ಮಾಡಿದೆ. ಅಮ್ಮ ಮೊದಲನೇ ಸಲಕ್ಕೇ ಹಸಿರು ತಂದಳು.

"ಇಷ್ಟೇನೇನೇ? ಇದಕ್ಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?" ಅಂದಳು.

ಶಿಡ್ಲಘಟ್ಟದಲ್ಲಿ ನನ್ನ ಜೊತೆಗಿದ್ದವಳು ಅದೇ ಊರಿನವಳು, ನನ್ನ ವಯಸ್ಸಿನವಳೇ, ಎರಡು ಮಕ್ಕಳ ತಾಯಿ. ಬಿ.ಎಸ್ಸಿ. ಮಾಡಿ ಮದುವೆಯಾಗಿ ಮನೆಯಲ್ಲಿದ್ದವಳು ಗಂಡನನ್ನು ಒಪ್ಪಿಸಿ ಈ ಕೆಲಸಕ್ಕೆ ಬಂದಿದ್ದಳು. ಅವಳಿಲ್ಲದಿದ್ದರೆ ಆ ಗಲ್ಲಿಗಳಲ್ಲಿ ನಮಗೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಉರ್ದುವಿನಲ್ಲಿ ಪ್ರಶ್ನೆ ಕೇಳಿ, ಕನ್ನಡದಲ್ಲಿ ನನಗೆ ಹೇಳಿ, ಟ್ಯಾಬಿನಲ್ಲಿ ಇಂಗ್ಲಿಷಿನ ಉತ್ತರ ಒತ್ತುತ್ತಿದ್ದಳು. ನಾನೂ ಅವಳೂ ಪರಸ್ಪರ 'ಅಕ್ಕ' ಎಂದೇ ಕರೆದುಕೊಳ್ಳುತ್ತಿದ್ದೆವು. ಯಾರು ದೊಡ್ಡವರೆಂದು ಇಬ್ಬರೂ ವಿಚಾರಿಸಲು ಹೋಗಲಿಲ್ಲ.

ನೂಲು ಬಿಚ್ಚುವ ಹೆಂಗಸರು ಕೆಲಸ ಬಿಟ್ಟು ಹೊರಗೆ ಬರುವಂತಿಲ್ಲ. ಹಾಗಾಗಿ ನಾವೇ ನೂಲಿನ ಘಟಕಗಳಿಗೆ ಹೋಗಿ, ಮಾಲೀಕರ ಒಪ್ಪಿಗೆ ಪಡೆದು, ಅಂಗಳದಲ್ಲಿ ಮೇಜು ಹಾಕಿಕೊಂಡು ಕೂರುತ್ತಿದ್ದೆವು. ಒಳಗೆ ಉದ್ದನೆಯ ಶೆಡ್. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಅದರಲ್ಲಿ ತೇಲುವ ಗೂಡುಗಳು, ಸೌದೆಯ ಹೊಗೆ, ಹಬೆ, ಕಿಟಕಿ ಎಂದು ಹೇಳಬಹುದಾದ ಎರಡು ತೂತುಗಳು. ಒಳಗೆ ಹೋದರೆ ನನ್ನ ಕನ್ನಡಕಕ್ಕೆ ಮಂಜು ಹತ್ತುತ್ತಿತ್ತು, ಒರೆಸಿದಷ್ಟೂ ಮತ್ತೆ ಹತ್ತುತ್ತಿತ್ತು.

ಖಾಲಾಳನ್ನು ಮೊದಲು ನೋಡಿದ್ದು ಅಂಥದೊಂದು ಘಟಕದಲ್ಲಿ. ನನ್ನ ಜೊತೆಗಾತಿ ಅವಳನ್ನು 'ಖಾಲಾ' ಎನ್ನುತ್ತಿದ್ದಳು, ಚಿಕ್ಕಮ್ಮ ಎಂದು. ನಾನೂ ಹಾಗೇ ಕರೆದೆ. ಸಣಕಲು ದೇಹ, ಮೆಹಂದಿ ಹಚ್ಚಿ ಕೆಂಪಾದ ಕೂದಲು, ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳುಗಳು. ಬಾಯಿ ಮಾತ್ರ ಬಲು ಜೋರು. ಆ ಶೆಡ್ಡಿನಲ್ಲಿ ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ, ಯಾರ ಸೊಸೆ ಯಾರ ಮೇಲೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ, ಎಲ್ಲ ಅವಳ ಬಾಯಿಂದಲೇ ಹೊರಡಬೇಕು. ಬೇರೆ ಹೆಂಗಸರಿಗೆ ಅವಳೆಂದರೆ ಸ್ವಲ್ಪ ಭಯ, ಸ್ವಲ್ಪ ಅಸಮಾಧಾನ. ಅವಳು ಕೆಮ್ಮಿಕೊಂಡೇ ಜಗಳವಾಡುತ್ತಿದ್ದಳು, ಕೆಮ್ಮಿಕೊಂಡೇ ನಗುತ್ತಿದ್ದಳು.

"ವಯಸ್ಸೆಷ್ಟು ಖಾಲಾ?" ಎಂದು ಕೇಳಿದಾಗ ಅವಳು ಮಾಲೀಕನ ಕಡೆ ಒಂದು ಸಲ ನೋಡಿ, "ನಲವತ್ತೈದು ಹಾಕು" ಅಂದಳು.

"ನಿಮ್ಮ ಮಗಳಿಗೇ ನಲವತ್ತು ಹತ್ತಿರ ಆಯ್ತಲ್ಲ!" ಎಂದು ಜೊತೆಗಾತಿ ಮೆಲ್ಲಗೆ ಅಂದಳು.

"ನಿಂಗ್ಯಾಕೆ ಅದು? ಬೀಗರ ಕಡೆಯವಳ ಥರ ಕೇಳ್ತೀಯಲ್ಲ. ಹಾಕು ಅಂದ್ರೆ ಹಾಕು."

ಆಧಾರ್ ಕಾರ್ಡ್ ನೋಡಿ ವಯಸ್ಸು ಹಾಕಬೇಕೆಂಬ ನಿಯಮವಿತ್ತು. ಕಾರ್ಡಿನಲ್ಲೂ ಸರಿಯಾದ ವಯಸ್ಸಿರಲಿಲ್ಲ, ಅದು ಬೇರೆ ಮಾತು. ಆಮೇಲೆ ಮನೆಯ ಪ್ರಶ್ನೆಗಳು ಶುರುವಾದವು. ಗೋಡೆ ಯಾವುದರದು, ಟಿವಿ ಇದೆಯೇ, ಫ್ರಿಜ್ ಇದೆಯೇ, ಕಕ್ಕಸು ಒಳಗಿದೆಯೇ. ಒಂದಕ್ಕೆ ಉತ್ತರ ಒತ್ತದಿದ್ದರೆ ಟ್ಯಾಬು ಮುಂದಿನದಕ್ಕೆ ಹೋಗುವುದಿಲ್ಲ.

"ಉಸಿರು ನೋಡ್ತೀವಿ ಅಂದ್ರಿ, ಈಗ ಫ್ರಿಜ್ಜು ಕೇಳ್ತೀರಿ. ಮದುವೆ ಮಾಡ್ಕೊಂಡು ಹೋಗ್ತೀರಾ ನನ್ನ?" ಎಂದು ಖಾಲಾ ಕೇಳಿದ್ದಕ್ಕೆ ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ನಂತರ ಊದುವ ಸರದಿ. ಖಾಲಾ ಕೊಳವೆಯನ್ನು ಬಾಯಿಗಿಟ್ಟುಕೊಂಡು ಊದಿದಳು. ಗೆರೆ ಸ್ವಲ್ಪ ಮೇಲೆದ್ದು ಕುಸಿಯಿತು. ಕೆಮ್ಮು. ಕೆಂಪು. ಮತ್ತೊಮ್ಮೆ. ಕೆಂಪು. ಅವಳು ಹಟದ ಹೆಂಗಸು, ಸೋಲಲು ಮನಸ್ಸಿಲ್ಲ. ಅವಳಿಗಿಂತ ಮುಂಚೆ ಊದಿದ ಹುಡುಗಿಯರಿಗೆಲ್ಲ ಹಸಿರು ಬಂದಿತ್ತು. ನಾನು ಗಂಟಲು ಹರಿಯುವಂತೆ "ಊದಿ ಖಾಲಾ, ಬಿಡಬೇಡಿ" ಎನ್ನುತ್ತಿದ್ದೆ. ಕೊನೆಯ ಪ್ರಯತ್ನಕ್ಕೆ ಅವಳ ತುಟಿ ನೀಲಿಯಾಯಿತು, ಮೇಜು ಹಿಡಿದುಕೊಂಡು ಬಗ್ಗಿದಳು. ಜೊತೆಗಾತಿ ನನ್ನ ಕೈಯಿಂದ ಯಂತ್ರ ಕಿತ್ತುಕೊಂಡು, "ಸಾಕು ಅಕ್ಕ, ಬಿಡಿ" ಅಂದಳು. ಟ್ಯಾಬಿನ ಪರದೆಯ ಮೇಲೆ ದೊಡ್ಡದೊಂದು ಕೆಂಪು ಅಡ್ಡಗುರುತು ಬಿದ್ದಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ಈ ಪರೀಕ್ಷೆ ಸ್ವೀಕಾರಾರ್ಹವಲ್ಲ ಎಂದು ಬರೆದಿತ್ತು.

ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದ ಮಾಲೀಕ ಕತ್ತು ಚಾಚಿ ನೋಡಿದ. "ಕೆಂಪು ಬಂತಾ?" ಎಂದ.

"ಅದು ಕಾಯಿಲೆಗಲ್ಲ ಭಾಯ್, ಟೆಸ್ಟ್ ಸರಿಯಾಗಿ ಆಗಲಿಲ್ಲ ಅಂತ ಅಷ್ಟೇ" ಎಂದು ಜೊತೆಗಾತಿ ಹೇಳಿದಳು. ಅವನು ತಲೆಯಾಡಿಸಿದ. ಆ ತಲೆಯಾಡಿಸಿದ್ದರಲ್ಲಿ ನಂಬಿಕೆ ಇರಲಿಲ್ಲ.

ಕೆಂಪು ಬಂದವರಿಗೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕೆಂದು ಟ್ಯಾಬು ತಾನೇ ನೆನಪಿಸುತ್ತದೆ. ಹಾಗೆ ಮತ್ತೆ ಹೋದಾಗ ಖಾಲಾ ಇರಲಿಲ್ಲ. ಅವಳ ತೊಟ್ಟಿಯ ಮುಂದೆ ಬೇರೆಯವಳು ಕೂತಿದ್ದಳು. ಆ ಶೆಡ್ಡಿನಲ್ಲಿ ಕೆಂಪು ಬಂದಿದ್ದ ಇನ್ನೊಬ್ಬ ಹೆಂಗಸೂ ಇರಲಿಲ್ಲ. ಅವಳು ಅಷ್ಟರಲ್ಲಿ ಊರು ಬಿಟ್ಟು ಎಲ್ಲೋ ಹೋಗಿಯಾಗಿತ್ತು; ಎಲ್ಲಿಗೆಂದು ಯಾರೂ ಹೇಳಲಿಲ್ಲ.

ಖಾಲಾಳ ಮನೆ ಹುಡುಕಿಕೊಂಡು ಹೋದೆವು. ಮಸೀದಿಯ ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು, ಅವಳನ್ನು ಚಿಂತಾಮಣಿಗೆ ಕೊಟ್ಟಿತ್ತು. ಖಾಲಾ ಬಾಗಿಲಲ್ಲೇ ನಿಂತು ನಮ್ಮನ್ನು ನೋಡಿದಳು. ಒಳಗೆ ಕರೆಯಲಿಲ್ಲ.

"ಬಂದ್ರಾ? ಬನ್ನಿ ಬನ್ನಿ, ಇನ್ನೊಂದು ಸಲ ಊದಿಸಿ. ಈ ಸಲ ಮನೇನೂ ಖಾಲಿ ಮಾಡಿಸಿಬಿಡಿ."

"ಏನಾಯ್ತು ಖಾಲಾ?"

"ಏನಾಗ್ಬೇಕು? ನೀವು ಹೋದ ಮೂರನೇ ದಿನ ಕರೆದು, ನಿಂಗೆ ಉಸಿರಿನ ಕಾಯಿಲೆ ಇದೆ, ಮಿಶಿನ್ನೇ ತೋರಿಸಿದೆ, ಮನೇಲಿ ರೆಸ್ಟ್ ತಗೋ ಅಂದ. ಹುಡುಗಿಯಾಗಿದ್ದಾಗಿಂದ ಆ ನೀರಲ್ಲಿ ಕೈ ಹಾಕಿದ್ದೀನಿ. ರೆಸ್ಟ್ ಅಂತೆ ರೆಸ್ಟ್!"

ನನ್ನ ಜೊತೆಗಾತಿ ಉರ್ದುವಿನಲ್ಲಿ ಏನೇನೋ ಸಮಾಧಾನ ಹೇಳಿದಳು. ಖಾಲಾ ಅವಳ ಕಡೆ ತಿರುಗಿ ಉರ್ದುವಿನಲ್ಲೇ ಬೈದಳು. ಬೈಗುಳ ನನಗೆ ಅರ್ಥವಾಗಲಿಲ್ಲ. ಆದರೆ ಜೊತೆಗಾತಿಯ ಮುಖ ಕಪ್ಪಿಟ್ಟಿತು. ದಾರಿಯಲ್ಲಿ ಕೇಳಿದ್ದಕ್ಕೆ, "ನಮ್ಮವಳಾಗಿ ನೀನೇ ನಂಗೆ ಈ ಗತಿ ತಂದೆಯಲ್ಲ ಅಂದ್ರು" ಎಂದಷ್ಟೇ ಹೇಳಿದಳು.

ಅಲ್ಲಿಂದ ನೇರ ಮಾಲೀಕನ ಹತ್ತಿರ ಹೋದೆವು. ಅವನು ಕೆಟ್ಟ ಮನುಷ್ಯನೆಂದು ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಲಾರೆ. ಟೀ ತರಿಸಿಕೊಟ್ಟ.

"ಆ ಕೆಂಪಿಗೆ ಅರ್ಥ ಅದಲ್ಲ ಅಂತ ಅವತ್ತೇ ಹೇಳಿದ್ವಲ್ಲ" ಎಂದೆ.

"ಮೇಡಂ, ನೀವು ಓದಿದವರು, ಏನು ಬೇಕಾದ್ರೂ ಅರ್ಥ ಹೇಳ್ತೀರಿ. ಆಯಮ್ಮನ ತುಟಿ ನೀಲಿ ಆಗಿದ್ದು ನಾನು ಕಣ್ಣಾರೆ ನೋಡಿದ್ದೀನಿ. ನಾಳೆ ತೊಟ್ಟಿ ಮುಂದೆ ಬಿದ್ದು ಏನಾದ್ರೂ ಆಯ್ತು ಅಂದ್ರೆ ನೀವು ಬರ್ತೀರಾ? ಕೆಂಪು ಬಂದಿತ್ತು, ಗೊತ್ತಿದ್ದೂ ಇಟ್ಕೊಂಡಿದ್ದ ಅಂತ ನನ್ನ ಹಿಡೀತಾರೆ."

"ಹೊಗೆ ಹೋಗೋಕೆ ದಾರಿ ಮಾಡಿದ್ರೆ ಎಲ್ಲರಿಗೂ ಒಳ್ಳೇದಲ್ವಾ?"

"ಮಾಡೋಣಮ್ಮ. ನಿಮ್ಮ ರಿಪೋರ್ಟ್ ಬರಲಿ. ಹೊಗೆಯಿಂದ ತೊಂದರೆ ಅಂತ ಅದರಲ್ಲಿ ಬಂದ್ರೆ ನಾನೇ ಮೊದಲು ಫ್ಯಾನ್ ಹಾಕಿಸ್ತೀನಿ. ಈಗ ಆಯಮ್ಮ ಚೆನ್ನಾಗಿದ್ದಾಳೆ ಅಂತ ಒಂದು ಕಾಗದದಲ್ಲಿ ಬರೆದುಕೊಡಿ, ನಾಳೇನೇ ಕೆಲಸಕ್ಕೆ ಬರಲಿ."

ಆ ಕಾಗದವನ್ನು ಕೇಳಿಕೊಂಡು ನಾನು ನಮ್ಮ ಅಧ್ಯಯನದ ಮುಖ್ಯಸ್ಥೆಯ ಹತ್ತಿರ ಹೋದೆ. ಅವರು ವೈದ್ಯರು, ಬೆಂಗಳೂರಿನಿಂದ ಆಗಾಗ ಬಂದು ಹೋಗುತ್ತಿದ್ದರು. ಯಾರನ್ನೂ ಗದರುವವರಲ್ಲ. ನಾನು ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿಸಿಕೊಂಡರು.

"ಅವರ ಟೆಸ್ಟೇ ಆಗಿಲ್ಲವಲ್ಲ. ಚೆನ್ನಾಗಿದ್ದಾರೆ ಅಂತ ಹೇಗೆ ಬರೀಲಿ?"

"ಹಾಗಾದ್ರೆ ಚೆನ್ನಾಗಿಲ್ಲ ಅಂತ ಬರೀರಿ ಮೇಡಂ. ಆ ಘಟಕದಲ್ಲಿ ಕೆಲಸ ಮಾಡಿ ಹೀಗಾಗಿದೆ ಅಂತ. ಅದನ್ನ ಇಟ್ಕೊಂಡು ಏನಾದ್ರೂ ಪರಿಹಾರ ಕೇಳಬಹುದು."

"ಅದನ್ನೂ ಬರೆಯೋಕಾಗಲ್ಲಮ್ಮ. ನಮ್ಮ ಹತ್ತಿರ ಅವರ ಬಗ್ಗೆ ಏನೂ ಇಲ್ಲ."

ಏನೂ ಇಲ್ಲ. ಅವಳ ಗೋಡೆ, ಟಿವಿ, ಕಕ್ಕಸು, ಅವಳು ಕೂತು ಊದಿದ ಅಂಗಳದ ಜಿಪಿಎಸ್ ಗುರುತು, ಎಲ್ಲ ನಮ್ಮ ಹತ್ತಿರ ಇತ್ತು. ಉಸಿರು ಮಾತ್ರ ಇರಲಿಲ್ಲ. ಮುಂದೆ ಪರೀಕ್ಷೆಯನ್ನು ಮಾಲೀಕರ ಕಣ್ಣಿಗೆ ಬೀಳದ ಹಾಗೆ ಮಾಡಬೇಕು ಎಂದು ಆ ದಿನವೇ ಹೊಸ ಸೂಚನೆ ಹೊರಟಿತು. ಪರದೆಯ ಬಣ್ಣಗಳನ್ನೂ ತೆಗೆಸಿ ಬೂದು ಮಾಡಿಸಿದರು. ಅಷ್ಟು ಬೇಗ ಅದು ಆಗಬಹುದಾಗಿತ್ತೆಂದು ತಿಳಿದು ನನಗೆ ಇನ್ನೂ ಸಂಕಟವಾಯಿತು.

ಕೊನೆಗೆ ನಾನೂ ಜೊತೆಗಾತಿಯೂ ರಜೆ ಹಾಕಿ ಖಾಲಾಳನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬರುವುದಿಲ್ಲವೆಂದು ಹಟ ಹಿಡಿದವಳು, ಮಗಳು ಫೋನಿನಲ್ಲಿ ಅತ್ತ ಮೇಲೆ ಬಂದಳು. ಅಲ್ಲಿನ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಎಕ್ಸ್‌ರೇ ನೋಡಿ, "ಒಲೆ ಮುಂದೆ ಕೆಲಸ ಮಾಡ್ತೀರಾ?" ಎಂದು ಕೇಳಿದರು. ಶ್ವಾಸನಾಳ ಬಹಳ ಹಾಳಾಗಿದೆ, ಹಾಳಾಗಿದ್ದು ಮತ್ತೆ ಸರಿಹೋಗುವುದಿಲ್ಲ, ಇನ್ನೂ ಹಾಳಾಗದಂತೆ ನೋಡಿಕೊಳ್ಳಬೇಕು ಎಂದು ಹೇಳಿ, ಬಾಯಿಗೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಅದನ್ನು ಕೈಗೆ ತೆಗೆದುಕೊಂಡ ಖಾಲಾ, "ಇದನ್ನೂ ಊದಬೇಕಾ?" ಎಂದಳು.

"ಇಲ್ಲ ಖಾಲಾ, ಇದನ್ನ ಒಳಗೆ ಎಳ್ಕೋಬೇಕು."

ಬಸ್ಸಿನಲ್ಲಿ ಬರುವಾಗ ಅವಳು ಆ ಔಷಧಿಯನ್ನು ಮಡಿಲಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಸ್ವಲ್ಪ ದಿನಕ್ಕೆ ಮಗಳು ಬಂದು, ಕೋಣೆ ಖಾಲಿ ಮಾಡಿಸಿ, ಅವಳನ್ನು ಚಿಂತಾಮಣಿಗೆ ಕರೆದುಕೊಂಡು ಹೋದಳು.

ಶಿಡ್ಲಘಟ್ಟದ ಕೆಲಸ ಮುಗಿಯಿತು. ಹೋಲಿಕೆಗೆಂದು ನೂಲು ಬಿಚ್ಚದ, ತೋಟದ ಕೆಲಸ ಮಾಡುವ ಹೆಂಗಸರನ್ನು ಬೇರೆ ಹಳ್ಳಿಗಳಲ್ಲಿ ಪರೀಕ್ಷಿಸಿದ್ದೂ ಮುಗಿಯಿತು. ನಾನು ನಿಜವಾಗಿ ಸೇರಿದ್ದ ಕೆಲಸಕ್ಕೆ, ಕಂಪ್ಯೂಟರಿನ ಮುಂದಕ್ಕೆ, ವಾಪಸು ಬಂದೆ. ಟ್ಯಾಬುಗಳಿಂದ ಬಂದದ್ದೆಲ್ಲ ಒಂದು ದೊಡ್ಡ ಕೋಷ್ಟಕವಾಗಿ ನನ್ನ ಮುಂದಿತ್ತು. ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು. ಹೆಸರಿಲ್ಲ, ಸಂಕೇತ ಸಂಖ್ಯೆ ಮಾತ್ರ. ವಿಶ್ಲೇಷಣೆಯ ಮೊದಲ ಹೆಜ್ಜೆ ಏನೆಂದು ಅಧ್ಯಯನ ಶುರುವಾಗುವ ಮೊದಲೇ ಬರೆದಿಟ್ಟಿದ್ದರು: ಪರೀಕ್ಷೆ ಸ್ವೀಕಾರಾರ್ಹವಾದವರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ತೆಗೆಯುವುದು. ಅದಕ್ಕೆ ಕಂಪ್ಯೂಟರಿನಲ್ಲಿ ಒಂದು ಸಾಲಿನ ಆಜ್ಞೆ ಸಾಕು. ಆ ಸಾಲನ್ನು ಓಡಿಸಿದೆ. ಕೋಷ್ಟಕ ಚಿಕ್ಕದಾಯಿತು.

ಹೋದವರು ಯಾರೆಂದು ನೋಡಬೇಕೆನ್ನಿಸಿತು. ಅವರನ್ನೇ ಬೇರೆ ಮಾಡಿ, ಪ್ರಶ್ನೆಗಳಿಗೆ ಅವರು ಕೊಟ್ಟಿದ್ದ ಉತ್ತರ ತೆರೆದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ಹೌದು. ಬೆಳಿಗ್ಗೆ ಕೆಮ್ಮು? ಹೌದು. ಸಮತಟ್ಟಾದ ದಾರಿಯಲ್ಲಿ ನಡೆಯುವಾಗಲೂ ನಿಲ್ಲಬೇಕಾಗುತ್ತದೆಯೇ? ಹೌದು. ಹೌದು, ಹೌದು ಎಂದು ಪರದೆಯುದ್ದಕ್ಕೂ ಇಳಿಯುತ್ತಲೇ ಹೋಯಿತು. ಬಹಳ ವರ್ಷ ನೂಲು ಬಿಚ್ಚಿದವರೇ ಅವರಲ್ಲಿ ಹೆಚ್ಚು. ಉಳಿದುಕೊಂಡ ಸಾಲುಗಳಲ್ಲಿ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಯರು ತುಂಬಿದ್ದರು.

ಇದರಲ್ಲಿ ಗೂಢವೇನೂ ಇರಲಿಲ್ಲ. ಬೀಪ್ ಬರುವವರೆಗೆ ಊದಬೇಕಾದರೆ ಎದೆಯಲ್ಲಿ ಉಸಿರಿರಬೇಕು. ಉಸಿರಿಲ್ಲದವಳು ಊದಲಾರಳು. ಊದಲಾರದವಳನ್ನು ಯಂತ್ರ ಒಪ್ಪುವುದಿಲ್ಲ. ಯಂತ್ರ ಒಪ್ಪದವಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಉಳಿದವರ ಸರಾಸರಿ ತೆಗೆದು, ಇಲ್ಲಿನ ಹೆಂಗಸರ ಉಸಿರು ಹೇಗಿದೆ ಎಂದು ಹೇಳುತ್ತೇವೆ.

ಎಲ್ಲವನ್ನೂ ಚಿತ್ರ ಮಾಡಿ, ಮುಖ್ಯಸ್ಥೆ ಬಂದಾಗ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾಗದೆ ಹೋಗಿದ್ದರೆ ನನಗೆ ಇಷ್ಟು ಕಹಿಯಾಗುತ್ತಿರಲಿಲ್ಲವೇನೋ.

"ನೀನು ಹೇಳ್ತಿರೋದು ಸರಿ ಇರಬಹುದು" ಎಂದರು. "ಆದ್ರೆ ಹೀಗೇ ಲೆಕ್ಕ ಮಾಡ್ತೀವಿ ಅಂತ ಮೊದಲೇ ಬರೆದುಕೊಟ್ಟಿದ್ದೀವಿ. ಫಲಿತಾಂಶ ನೋಡಿ ಆಮೇಲೆ ನಿಯಮ ಬದಲಾಯಿಸಿದ್ರು ಅಂತ ಬರುತ್ತೆ. ಅದನ್ನ ಯಾರೂ ಒಪ್ಪಲ್ಲ."

"ಬದಲಾಯಿಸೋದು ಬೇಡ ಮೇಡಂ. ಎರಡನ್ನೂ ಕೊಡೋಣ. ಇವರನ್ನ ಬಿಟ್ರೆ ಹೀಗೆ, ಇವರ ಉತ್ತರ ಸೇರಿಸಿದ್ರೆ ಹೀಗೆ ಅಂತ."

"ಉತ್ತರ ಅಂದ್ರೆ ಬಾಯಿಮಾತು. ನಮ್ಮದು ಅಳತೆ ಮೇಲೆ ನಿಂತಿರೋ ಸ್ಟಡಿ. ಒಂದು ಕೆಲಸ ಮಾಡು. ಮಿತಿಗಳು ಅಂತ ಒಂದು ಭಾಗ ಇರುತ್ತಲ್ಲ, ಅಲ್ಲಿ ಒಂದೆರಡು ವಾಕ್ಯ ಬರಿ. ಸೇರಿಸ್ತೀನಿ."

ನಾನು ವಾದ ಮಾಡಿದೆ. ಸಣ್ಣದಾಗಿ ಅಲ್ಲ, ಆಫೀಸಿನಲ್ಲಿ ಉಳಿದವರು ಕೆಲಸ ನಿಲ್ಲಿಸಿ ನೋಡುವಷ್ಟು. ಖಾಲಾಳ ನೀಲಿ ತುಟಿಯ ಮಾತೆತ್ತಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಒಬ್ಬರನ್ನ ಇಟ್ಕೊಂಡು ಯೋಚನೆ ಮಾಡಬಾರದು. ನೀನು ಸ್ಟ್ಯಾಟಿಸ್ಟಿಕ್ಸ್ ಓದಿದವಳು, ನಿಂಗೆ ನಾನು ಹೇಳಿಕೊಡಬೇಕಾ?" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿತ್ತು. ಇದು ಒಬ್ಬರಲ್ಲ, ಕೋಷ್ಟಕದಿಂದ ಹೋದವರೆಲ್ಲ ಹೀಗೇ ಇದ್ದಾರೆ ಎಂದು. ಅದನ್ನು ಆಗಲೇ ಹೇಳಿಯೂ ಆಗಿತ್ತು. ಹೇಳಿದ್ದನ್ನೇ ಹೇಳಲು ನಿಂತರೆ ಅಳು ಬರುತ್ತದೆಂದು ತಿಳಿದು ಎದ್ದು ಬಂದೆ.

ಆ ಒಂದೆರಡು ವಾಕ್ಯಗಳನ್ನು ಎಷ್ಟು ತಿದ್ದಿದೆನೋ. ಪದ ಹೆಚ್ಚಾದರೆ ತೆಗೆದುಬಿಡುತ್ತಾರೆ, ಕಡಿಮೆಯಾದರೆ ಯಾರಿಗೂ ತಟ್ಟುವುದಿಲ್ಲ. ಬರೆದು ಕಳಿಸಿದೆ. ವೈದ್ಯಕೀಯ ಪತ್ರಿಕೆಯೊಂದರಲ್ಲಿ ನಮ್ಮ ಅಧ್ಯಯನದ ಲೇಖನ ಅಚ್ಚಾಗಿ ಬಂದಾಗ ಅದರಲ್ಲಿ ನನ್ನ ವಾಕ್ಯವಿರಲಿಲ್ಲ. 'ಕೆಲವರ ಪರೀಕ್ಷೆ ತಾಂತ್ರಿಕ ಕಾರಣಗಳಿಂದ ಲಭ್ಯವಿಲ್ಲ' ಎಂದಿತ್ತು. ಉದ್ದ ಹೆಚ್ಚಾಯಿತು, ಪತ್ರಿಕೆಯವರು ಕಡಿಮೆ ಮಾಡಲು ಹೇಳಿದರು ಎಂದು ಮುಖ್ಯಸ್ಥೆ ಫೋನಿನಲ್ಲಿ ಹೇಳಿದರು. ಲೇಖಕರ ಸಾಲಿನಲ್ಲಿ ಕೊನೆಗೆ ನನ್ನ ಹೆಸರೂ ಇತ್ತು. ತೆಗೆಯಿರಿ ಎಂದೆ. ಬೇಡಮ್ಮ, ಮುಂದೆ ನಿನಗೇ ಉಪಯೋಗಕ್ಕೆ ಬರುತ್ತದೆ ಎಂದು ಒಂದು ಸಲ ಹೇಳಿದರು. ನಾನು ಮತ್ತೆ ತೆಗೆಯಿರಿ ಎಂದೆ. ತಿದ್ದುಪಡಿ ಹಾಕಿ ತೆಗೆದರು. ಯಾಕೆ ತೆಗೆದಿರಿ ಎಂದು ಎಲ್ಲಿಂದಲೂ ಯಾರೂ ಕೇಳಲಿಲ್ಲ.

ನೂಲು ಬಿಚ್ಚುವವರ ಉಸಿರಿಗೂ ತೋಟದ ಕೆಲಸದವರ ಉಸಿರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದು ಫಲಿತಾಂಶ. ಅದು ಹೇಗೋ ಸ್ಥಳೀಯ ಪತ್ರಿಕೆಯೊಂದರ ಒಳಪುಟಕ್ಕೂ ಬಂತು. ರೇಷ್ಮೆ ಕೆಲಸದವರ ಶ್ವಾಸಕೋಶಕ್ಕೆ ಅಪಾಯವಿಲ್ಲ ಎಂಬ ಅರ್ಥದ ತಲೆಬರಹ. ಜೊತೆಗಾತಿ ಅದರ ಫೋಟೋ ಹಿಡಿದು ನನಗೆ ಕಳಿಸಿದಳು, ಏನೂ ಬರೆಯದೆ. ಆಮೇಲೆ ಫೋನ್ ಮಾಡಿದಳು. ಆ ಘಟಕದ ಹೆಂಗಸರು ಹೊಗೆ ಎಳೆಯುವ ಫ್ಯಾನ್ ಹಾಕಿಸಿಕೊಡಿ ಎಂದು ಮಾಲೀಕನನ್ನು ಕೇಳಿದ್ದರಂತೆ. ಅವನು ಮೊಬೈಲಿನಲ್ಲಿ ಅದೇ ಸುದ್ದಿ ತೋರಿಸಿದನಂತೆ.

"ನಿಮ್ಮ ಸ್ಟಡೀನೇ ಹೇಳಿದೆಯಲ್ಲ ಅಂದ್ರಂತೆ ಅಕ್ಕ. ಎಲ್ಲ ನನ್ನ ಮನೆ ಬಾಗಿಲಿಗೆ ಬಂದು ನಿಂತಿದ್ದಾರೆ. ನಾನೇನು ಹೇಳಲಿ ಇವರಿಗೆ?"

ಅವಳು ಆ ಗಲ್ಲಿಯಲ್ಲೇ ಬಾಳಬೇಕಾದವಳು. ನಾನು ಸಂಜೆಯ ಬಸ್ಸು ಹತ್ತಿ ಹೊರಡುವವಳು. ಆ ವ್ಯತ್ಯಾಸ ಅಲ್ಲಿಯವರೆಗೆ ನನಗೆ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ಬಂದ ಹೆಂಗಸರಿಗೆ ಅವಳು ನಡೆದದ್ದನ್ನು ನಡೆದಂತೆ ಹೇಳಿದಳು. ಕೆಲವರು ನಂಬಿದರು, ಕೆಲವರು ಅವಳು ದುಡ್ಡು ತಿಂದಿದ್ದಾಳೆ ಎಂದರು. ಗಂಡ ಕೆಲಸ ಬಿಡು ಎಂದ. ಅವಳು ಬಿಟ್ಟಳು. ನನ್ನ ಒಪ್ಪಂದದ ಅವಧಿಯೂ ಮುಗಿಯುತ್ತ ಬಂದಿತ್ತು. ಮುಂದುವರಿಸುತ್ತೇವೆ ಎಂದರು, ನಾನು ಬೇಡವೆಂದೆ.

ಅದಾದ ಮೇಲೆ ಒಂದು ದಿನ ಇಬ್ಬರೂ ಚಿಂತಾಮಣಿಗೆ ಹೋದೆವು. ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಫಲಿತಾಂಶವನ್ನು ಮನೆಗೇ ಬಂದು ತಿಳಿಸುತ್ತೇವೆ ಎಂದು ನಾವು ಒಪ್ಪಿಗೆ ಪಡೆಯುವಾಗ ಎಲ್ಲರಿಗೂ ಹೇಳಿದ್ದೆವು. ಬೇರೆ ಯಾರೂ ಆ ಮಾತು ನಡೆಸುವ ಹಾಗೆ ಕಾಣಲಿಲ್ಲ. ಬೇರೆಯವರಿಗಲ್ಲದಿದ್ದರೂ ಖಾಲಾಗೆ ಹೇಳಬೇಕೆಂದು ನನಗಿತ್ತು.

ಮಗಳ ಮನೆ ಮೊದಲನೇ ಮಹಡಿಯಲ್ಲಿತ್ತು. ಮೇಲೆ ಹೋದ ದಿನದಿಂದ ಖಾಲಾ ಕೆಳಗಿಳಿದಿಲ್ಲವೆಂದು ಮಗಳು ಮೆಟ್ಟಿಲಲ್ಲೇ ಹೇಳಿದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದಳು. ಕೂದಲಿಗೆ ಮೆಹಂದಿ ಇಲ್ಲದೆ ಬುಡವೆಲ್ಲ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ ನಕ್ಕಳು, ಪಕ್ಕದಲ್ಲಿ ಕೂರಿಸಿಕೊಂಡಳು. ಶಿಡ್ಲಘಟ್ಟದ ಸುದ್ದಿ ಒಂದೊಂದಾಗಿ ಕೇಳಿದಳು. ಮಗಳು ಟೀ ಕೊಟ್ಟಳು. ಮಾತಿನ ನಡುನಡುವೆ ಖಾಲಾ ಉಸಿರಿಗಾಗಿ ಕಾಯಬೇಕಾಗುತ್ತಿತ್ತು. ನಾವೂ ಕಾಯುತ್ತಿದ್ದೆವು.

"ನಿಮ್ಮ ಪುಸ್ತಕ ಆಯ್ತಾ?" ಎಂದು ಅವಳೇ ಕೇಳಿದಳು.

ಆಯಿತು ಎಂದೆ. ಅದರಲ್ಲಿ ಏನಿದೆಯೆಂದು ಹೇಳಿದೆ. ಯಂತ್ರ ಒಪ್ಪದವರನ್ನು ಬಿಟ್ಟಿದ್ದಾರೆ, ಅದಕ್ಕೇ ಹಾಗೆ ಬಂದಿದೆ ಎಂದೂ ಹೇಳಿದೆ.

"ಅಂದ್ರೆ ನಾನು ಅದರಲ್ಲಿ ಇಲ್ವಾ?"

"ಇಲ್ಲ ಖಾಲಾ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಕೆಲಸ ಬಿಡಿಸೋಕೆ ಆ ಮಿಶಿನ್ ಸರಿಯಾಗಿತ್ತು" ಎಂದಳು. ಉಸಿರು ತೆಗೆದುಕೊಂಡಳು. "ಬರೆಯೋಕೆ ಸರಿಯಿಲ್ವಾ?"

ಜೊತೆಗಾತಿ ತಲೆ ತಗ್ಗಿಸಿದಳು. ನಾನು, "ನಾನು ಜಗಳ ಆಡಿದೆ ಖಾಲಾ, ಅವರು ಕೇಳಲಿಲ್ಲ" ಎಂದೆ.

"ಜಗಳ ಆಡಿದಳಂತೆ" ಎಂದು ಅವಳು ಮಗಳ ಕಡೆ ತಿರುಗಿ ಹೇಳಿದಳು, ಯಾವುದೋ ತಮಾಷೆ ಹೇಳುವವಳ ಹಾಗೆ. ನಗಲು ಹೋಗಿ ಕೆಮ್ಮು ಹತ್ತಿತು. ಅದು ನಿಲ್ಲಲೇ ಇಲ್ಲ. ಮಗಳು ಓಡಿ ಬಂದು ಬೆನ್ನು ಹಿಡಿದಳು, ಔಷಧಿಯನ್ನು ಬಾಯಿಗಿಟ್ಟಳು. ನಾನು ಎದ್ದೆ. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಂಚದ ಕಾಲ ಹತ್ತಿರವೇ ನಿಂತಿದ್ದೆ. ಕೆಮ್ಮು ಸ್ವಲ್ಪ ತಗ್ಗಿದ ಮೇಲೆ ಮಗಳು ಅಮ್ಮನ ಬಾಯಿ ಒರೆಸಿ, ನಮ್ಮ ಕಡೆ ನೋಡದೆಯೇ ಹೇಳಿದಳು.

"ನೀವು ಒಳ್ಳೇ ಮನಸ್ಸಿಂದಲೇ ಬಂದಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಇನ್ನು ಬರಬೇಡಿ. ನೀವು ಬಂದು ಹೋದಾಗಲೆಲ್ಲ ಅಮ್ಮಂಗೆ ಏನಾದ್ರೂ ಒಂದು ಆಗುತ್ತೆ."

ಖಾಲಾ ಕಣ್ಣು ಮುಚ್ಚಿಕೊಂಡಿದ್ದಳು.

ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿಗೆ ನಡೆದೆವು. ಟೊಮೇಟೊ ಕ್ರೇಟುಗಳ ಲಾರಿಯೊಂದು ದಾರಿಗೆ ಅಡ್ಡ ನಿಂತು ಜನ ಕೂಗಾಡುತ್ತಿದ್ದರು. ಜೊತೆಗಾತಿ ಅಂಗಡಿಯೊಂದರಲ್ಲಿ ಮಕ್ಕಳಿಗೆ ಬಿಸ್ಕತ್ತು ಕೊಂಡಳು. ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡಲು ಕರೆದಿದ್ದಾರೆ, ಹೋಗುತ್ತೇನೆ ಎಂದಳು. ಒಳ್ಳೆಯದಾಯಿತು ಎಂದೆ. ಚಿಕ್ಕಬಳ್ಳಾಪುರದ ಬಸ್ಸು ಬಂತು, ಶಿಡ್ಲಘಟ್ಟದ ಮೇಲೇ ಹೋಗುವಂಥದು. ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು.

ಮಳ್ಳೂರು ದಾಟಿದ ಮೇಲೆ ಅವಳು, "ಅಕ್ಕ, ನಾವು ಅವರಿಗೆ ಸುಳ್ಳು ಹೇಳಬಹುದಿತ್ತು" ಎಂದಳು. "ನೀವೂ ಇದ್ದೀರಿ ಅದರಲ್ಲಿ ಅಂತ. ಅವರಿಗೇನು ಗೊತ್ತಾಗ್ತಿತ್ತು?"

ನನಗೂ ಆ ಯೋಚನೆ ಮಂಚದ ಹತ್ತಿರ ನಿಂತಾಗಲೇ ಬಂದಿತ್ತು. ಶಿಡ್ಲಘಟ್ಟ ಬಂತು. ಅವಳು ಚೀಲ ಎತ್ತಿಕೊಂಡು, "ಬರ್ತೀನಿ ಅಕ್ಕ" ಎಂದು ಇಳಿದು, ಹಿಂತಿರುಗಿ ನೋಡದೆ ಗಲ್ಲಿಯ ಕಡೆ ಹೋದಳು. ಬಸ್ಸು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಯಾರೋ ಹತ್ತಿ ನನ್ನ ಪಕ್ಕದಲ್ಲಿ ಕೂತರು. ಚಿಕ್ಕಬಳ್ಳಾಪುರ ಬರುವವರೆಗೂ ನಾನು ಕಿಟಕಿ ಕಡೆಗೇ ಮುಖ ಮಾಡಿಕೊಂಡಿದ್ದೆ.